ಬಾವಿಯ ಮೇಲಿನ ಎಂಜಿನ್

ಕಳ್ಳಕವಟಗಿ
೧೮ ನವೆಂಬರ್ ೨೦೨೪

ಪ್ರೀತಿಯ ಸುಧಾ ಅಕ್ಕನಿಗೆ,

ತಂಗಿ ನಂದಾಳ ನಮಸ್ಕಾರ. ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಜೀಪಿನ ಹಳೆಯ ಎಂಜಿನ್ ವಾಪಸ್ ಬೇಕೆಂದು ಕೇಳಿದ್ದೀಯಲ್ಲ, ಕೊಡುವುದಿಲ್ಲ.

ಅದು ಬೇಡವೆಂದು ತೆಗೆಸಿದವರು ಯಾರು? ಭಾವನಿಗೆ ಶೋಕಿ ಹತ್ತಿತು. ಸ್ಟೇಷನ್ ರಸ್ತೆಯ ಲಾಡಲೇಸಾಬನ ಗ್ಯಾರೇಜಿನಲ್ಲಿ ಜೀಪಿನ ಹೊಟ್ಟೆ ಬಗೆದು ಬೊಲೆರೊ ಎಂಜಿನ್ ಕೂರಿಸಿದಿರಿ. ಅದು ಒಳಗೆ ಹಿಡಿಯಲಿಲ್ಲವೆಂದು ರೇಡಿಯೇಟರ್ ಮುಂದಕ್ಕೆ ಸರಿಸಿದಿರಿ, ಬಾನೆಟ್ ಕೊಯ್ಸಿದಿರಿ. ಈಗ ಸಿದ್ಧೇಶ್ವರ ಗುಡಿಯ ಹತ್ತಿರ ನೀನು ಜೀಪ್ ನಿಲ್ಲಿಸಿದರೆ ಜನ ಮುತ್ತಿಕೊಂಡು ಫೋಟೊ ತೆಗೆಯುತ್ತಾರಂತೆ. ಆ ಫೋಟೊ ನನ್ನ ಫೋನಿಗೂ ಬಂತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಎಂಜಿನ್ನನ್ನು ನಾನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊರಟಾಗ, "ಗುಜರಿ ತಗೊಂಡು ಏನ್ ಮಾಡ್ತಿ ಬೇ?" ಎಂದು ನೀನು ನಕ್ಕಿದ್ದೆ. ಲಾಡಲೇಸಾಬನೇ ಬಂದು ಕಬ್ಬಿಣದ ಸ್ಟ್ಯಾಂಡ್ ಮಾಡಿ ಅದನ್ನು ಬಾವಿಯ ಪಂಪಿಗೆ ಜೋಡಿಸಿಕೊಟ್ಟ. ನಮ್ಮ ದ್ರಾಕ್ಷಿಗೆ ಅದರದೇ ನೀರು. ಅದಿಲ್ಲದಿದ್ದರೆ ತೋಟ ಒಣಗಿಹೋಗುತ್ತದೆ.

ಅಪ್ಪ ಡ್ರೈವಿಂಗ್ ಕಲಿಸಿದ್ದು ನಿನಗೆ. ನೀನು ಟೀಚರ್ ಆಗಿ ಬಬಲೇಶ್ವರದ ಶಾಲೆಗೆ ಆ ಜೀಪಿನಲ್ಲೇ ಹೋಗಿಬರುತ್ತಿದ್ದೆ. ಸಂಜೆ ಅಪ್ಪ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಊರ ಹೊರಗೆ ಅದರ ಸದ್ದು ಕೇಳಿದೊಡನೆ ಎದ್ದು ನಿಲ್ಲುತ್ತಿದ್ದ. ನನಗೂ ಕಲಿಸು ಅಂದರೆ, "ನೀ ಇನ್ನೂ ಸಣ್ಣಾಕಿ ಅದಿ" ಅನ್ನುತ್ತಿದ್ದ. ನಿನ್ನ ಮದುವೆಯಲ್ಲಿ ಜೀಪೂ ನಿನ್ನ ಜೊತೆ ಹೋಯಿತು. ನನ್ನ ಮದುವೆಗೆ ಸಿಕ್ಕದ್ದು ಒಂದು ತಿಜೋರಿ.

ಈಗ ಅಪ್ಪ ನನ್ನ ಹತ್ತಿರ ಇದ್ದಾನೆ. ಮರೆವು ಹೆಚ್ಚಾಗಿದೆ, ಇಡೀ ದಿನ ಬಾಯಿ ಬಿಡುವುದಿಲ್ಲ. ಯುಗಾದಿಗೆ ನೀನು ಹೊಸ ಎಂಜಿನ್ನಿನ ಜೀಪ್ ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅವನು ಕೂತಲ್ಲಿಂದ ಏಳಲೇ ಇಲ್ಲ. "ಯಾರ ಗಾಡೀರಿ ಇದು?" ಎಂದು ನಿನ್ನನ್ನೇ ಕೇಳಿದ. ನೀನು ಅಡುಗೆಮನೆಗೆ ಬಂದು ಅತ್ತೆ. ನಾನು ನಿನ್ನ ಬೆನ್ನು ಸವರಿದೆ, ನಿಜ. ಆದರೆ ನನಗೆ ಒಳಗೊಳಗೇ ಖುಷಿಯಾಗಿತ್ತು ಅಕ್ಕಾ.

ಹಳೆಯ ಎಂಜಿನ್ ಮತ್ತೆ ಜೀಪಿಗೆ ಹಾಕಿಸಿದರೆ ಅಪ್ಪ ನಿನ್ನ ಗುರುತು ಹಿಡಿದಾನು ಅನ್ನುತ್ತೀ. ಇಲ್ಲಿ ನೋಡು, ಬಾವಿಯ ಮೇಲೆ ಅದನ್ನು ಚಾಲೂ ಮಾಡಿದರೆ ಸಾಕು, ಅವನ ಮುಖ ಅರಳುತ್ತದೆ. ಎದ್ದು ನಿಲ್ಲುತ್ತಾನೆ, ನನ್ನ ಜೊತೆ ಮಾತಾಡುತ್ತಾನೆ. ದಿನಕ್ಕೆ ಅದೊಂದು ಹೊತ್ತು ಮಾತ್ರ. ಅದನ್ನೂ ನಿನಗೇ ಕೊಡಲೇನು?

ಭಾವನಿಗೆ ಕೇಳಿದೆನೆಂದು ಹೇಳು.

ನಿನ್ನ ತಂಗಿ,
ನಂದಾ

ತಾ.ಕ.: ಅಪ್ಪ ಆಗ ಏನು ಮಾತಾಡುತ್ತಾನೆಂದು ಬರೆಯಲಿಲ್ಲ. "ಸುಧಾ ಬಂದ್ಲು, ಚಾ ಇಡು" ಅನ್ನುತ್ತಾನೆ. ತೋಟ ಒಣಗುತ್ತದೆ ಅಂದದ್ದು ಸುಳ್ಳು, ಬಾವಿಗೆ ಕರೆಂಟ್ ಮೋಟಾರ್ ಬಂದು ವರ್ಷವಾಯಿತು. ಆದರೂ ದಿನಾ ಸಂಜೆ ಎಂಜಿನ್ ಚಾಲೂ ಮಾಡುತ್ತೇನೆ. ನಿನಗೆಂದು ಇಟ್ಟ ಚಾ ನಾನೇ ಕುಡಿಯುತ್ತೇನೆ.