ಗಿಡ್ಡ ಕೇಬಲ್

ಇವಳೇ,

ನೀನು ಕಣ್ಮುಚ್ಚಿದ ಮೇಲೆ ಇವತ್ತೇ ಮೊದಲ ಸಲ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಸಿನಿಮಾ ಹಾಕಿದೆವು. ಊರಿಗೆಲ್ಲ ಮಾರುಗಟ್ಟಲೆ ವೈರ್ ಮಾರುವವನ ಮನೆಯಲ್ಲಿ ಇನ್ನೂ ಅದೇ ಗಿಡ್ಡ ಕೇಬಲ್. ಹಾಗಾಗಿ ಲ್ಯಾಪ್‌ಟಾಪ್ ಟಿವಿಗೆ ಅಂಟಿಕೊಂಡೇ ಇರಬೇಕು, ಅದರ ಪಕ್ಕದ ಕುರ್ಚಿಯಲ್ಲಿ ಒಬ್ಬರು. ಅಂಗಡಿಯಿಂದ ನನಗೆ ಫೋನ್ ಬಂದಾಗಲೆಲ್ಲ ಸಿನಿಮಾ ನಿಲ್ಲಿಸಲು ಅಲ್ಲಿ ನೀನು ಕೂರುತ್ತಿದ್ದೆ.

"ಅಪ್ಪಾ, ಇವತ್ತು ಅಮ್ಮನ ಡ್ಯೂಟಿ ನಿಂದು" ಎಂದು ಮಗಳು ಸೋಫಾದಲ್ಲಿ ಕಾಲು ಚಾಚಿದಳು. ಹೋಗಿ ಕೂತೆ. ಅಲ್ಲಿಂದ ನೋಡಿದರೆ ಟಿವಿ, ಲ್ಯಾಪ್‌ಟಾಪ್ ಎರಡರ ಪರದೆಯ ತುಂಬ ಕಿಟಕಿಯ ಬೆಳಕು.

"ಯಾರ ಮುಖಾನೂ ಕಾಣ್ತಿಲ್ವಲ್ಲೇ!"

"ಅಮ್ಮ ಕೇಳಿಸ್ಕೊಂಡೇ ನೋಡ್ತಿದ್ಲು. ನಿಂಗೆ ಗೊತ್ತಿರ್ಲಿಲ್ವಾ?"

ಫೋನ್ ಆಫ್ ಮಾಡಿ ಕೊನೆಯವರೆಗೂ ಅಲ್ಲೇ ಕೂತೆ. ಮುಗಿದ ಮೇಲೆ ಮಗಳು, "ಹೇಗಿತ್ತು?" ಅಂದಳು.

ನೀನು ಪ್ರತಿ ಸಲ ನನಗೆ ಹೇಳುತ್ತಿದ್ದ ಹಾಗೆಯೇ ಹೇಳಿದೆ: "ಚೆನ್ನಾಗಿತ್ತು."