ಹಾಲು ಬಿಡುವ ಜಾಗ

ನವೆಂಬರ್ ೨೦, ಗುರುವಾರ. ಅಮಾವಾಸ್ಯೆ.

ಅಮ್ಮನಿಗೆ ಇವತ್ತು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ರಸ್ತೆ ದಾಟುವಾಗ ಅಪ್ಪನಿಗೆ ಲಾರಿ ಗುದ್ದಿದ ಜಾಗಕ್ಕೆ ಗುರುತು ಎಂದರೆ ಅಲ್ಲಿದ್ದ ಒಂದು ಗುಂಡಿ. ಸಂಜಯನಗರದ ಆ ಗುಂಡಿಯ ಅಂಚಿಗೆ ಅಮ್ಮ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನಿಂಬೆಹಣ್ಣು ಇಟ್ಟು ಹಾಲು ಬಿಡುತ್ತಿದ್ದಳು. ಅಲ್ಲಿ ಜೀಬ್ರಾ ಪಟ್ಟೆ ಹಾಕಿಸಿ ಎಂದು ಅಪ್ಪ ಇದ್ದಾಗಲೇ ಬೀದಿಯವರೆಲ್ಲ ಕೇಳಿ ಕೇಳಿ ಸೋತಿದ್ದೆವು. ಈಗ ಹೊಸ ಡಾಂಬರು ಬಿದ್ದಿದೆ, ಪಟ್ಟೆಯೂ ಬಂದಿದೆ. ಗುಂಡಿ ಮುಚ್ಚಿಹೋಗಿದೆ.

ಹಾಲಿನ ಚೊಂಬು ಹಿಡಿದು ಅಮ್ಮ ಕೇಳಿದಳು, "ಎಲ್ ಬಿಡ್ಲಿ? ಎಲ್ಲಾ ಒಂದೇ ತರ ಐತಲ್ಲ."

ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ರಸ್ತೆ ನಡುವಿನ ಒಂದು ಬಿಳಿ ಪಟ್ಟೆ ತೋರಿಸಿ, "ಇಲ್ಲೇ ಕಣಮ್ಮ" ಎಂದೆ.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ನಾನು ಕೈ ಅಡ್ಡ ಹಿಡಿದು ನಿಂತೆ. ಬೈಕುಗಳು ನಮ್ಮನ್ನು ಬಳಸಿಕೊಂಡು ಹಾರಿದವು. ಒಂದು ಕಾರು ಮಾತ್ರ ಹಾರ್ನ್ ಮಾಡಿ ನಿಂತಿತು. ಓಡಿಸುತ್ತಿದ್ದವನು ಗಾಜು ಇಳಿಸಿ, ಮರ್ಯಾದೆಯಿಂದಲೇ, "ಬೇಗ ದಾಟ್ಬಿಡಿ ಅಜ್ಜಿ" ಎಂದ.

ಅಮ್ಮ ತಲೆ ಎತ್ತಲಿಲ್ಲ. "ನಾನು ದಾಟಕ್ ಬಂದಿಲ್ಲ ಕಣಪ್ಪ. ನಮ್ಮೆಜಮಾನ್ರು ಅರ್ಧಕ್ಕೇ ನಿಂತವ್ರೆ."

ಅವನು ಮತ್ತೆ ಹಾರ್ನ್ ಮಾಡಲಿಲ್ಲ.

ಬಿಳಿ ಪಟ್ಟೆಯ ಮೇಲೆ ಬಿಟ್ಟ ಹಾಲು ಕಾಣಲೇ ಇಲ್ಲ. ಅಮ್ಮ ಎರಡು ಸಲ ಬಗ್ಗಿ ನೋಡಿದಳು.

ಮುಂದಿನ ಅಮಾವಾಸ್ಯೆಗೂ ಅದೇ ಪಟ್ಟೆ ತೋರಿಸಬೇಕು. ಎಷ್ಟನೆಯದು ಎಂದು ಎಣಿಸದೆ ಬಂದುಬಿಟ್ಟೆ.