ಡೆಲ್ಬರ್ಟನ ಕೊಳವೆ

ಮೇ ೧೪, ಮಂಗಳವಾರ

ಡೆಲ್ಬರ್ಟ್ ತೀರಿಹೋದ ಮೇಲೆ ಇವತ್ತೇ ಮೊದಲ ಸಲ ಸುಂಟರಗಾಳಿಯ ಸೈರನ್ ಕೂಗಿದ್ದು. ಅವನೇ ಅಗೆದು ಕಟ್ಟಿದ ನೆಲಮಾಳಿಗೆಗೆ ನಾನೂ ಅವನ ತಮ್ಮ ಲಾಯ್ಡನೂ ಇಳಿದೆವು. ಸುಂಟರಗಾಳಿ ಊರಾಚೆಯೇ ಹಾದುಹೋಯಿತು. ಲಾಯ್ಡ್ ಮಾತ್ರ ಟಾರ್ಚ್ ಹಿಡಿದು ಗೋಡೆ ತಟ್ಟುತ್ತಲೇ ಇದ್ದ.

"ಅತ್ತಿಗೆ, ಗೋಡೆ ಒಳಕ್ಕೆ ಉಬ್ಬಿದೆ ನೋಡಿ. ಅಣ್ಣ ಒಂದು ಕಂಬಿನೂ ಹಾಕಿಲ್ಲ. ಇನ್ನೊಂದು ದೊಡ್ಡ ಮಳೆ ಬಂದ್ರೆ ಇದೇ ನಿಮಗೆ ಗೋರಿ. ಮುಚ್ಚಿಸಿಬಿಡಿ, ಗ್ಯಾರೇಜಲ್ಲಿ ಉಕ್ಕಿನ ಕೋಣೆ ಹಾಕ್ಸೋಣ."

ಅವನು ಹೇಳಿದ್ದು ಸರಿಯೇ. ಹೂಂ ಅಂದೆ.

ಡೆಲ್ಬರ್ಟ್ ನನ್ನನ್ನು ಒಳಗೆ ಕೂರಿಸಿ, ಇಲ್ಲಿನ ಎಲ್ಲ ಗಂಡಸರ ಹಾಗೆ ತಾನು ಮೇಲೆಯೇ ನಿಂತು ಆಕಾಶ ನೋಡುತ್ತಿದ್ದ. ಗಾಳಿಯಾಡಲೆಂದು ಇಟ್ಟ ಕೊಳವೆಗೆ ಬಾಯಿಟ್ಟು ಕೂಗುತ್ತಿದ್ದ: "ವರ್ಡಾ, ಮೋಡಕ್ಕೆ ಬಾಲ ಬಂತು ಕಣೇ. ಪೀಚ್ ಹಣ್ಣಿನ ಜಾಡಿ ಪೂರ್ತಿ ಖಾಲಿ ಮಾಡ್ಬೇಡ."

"ಒಳಗೆ ಬರ್ತೀಯೋ ಇಲ್ವೋ?" ಅಂತ ಬೈದರೆ ಅವನ ನಗು ಕೊಳವೆಯಲ್ಲಿ ಇಳಿದು ಬರುತ್ತಿತ್ತು.

ಇವತ್ತು ಅದಕ್ಕೆ ಕಿವಿಯಿಟ್ಟು ಕೂತಿದ್ದೆ. ಬರೀ ಗಾಳಿ.

"ಹೊಸದಕ್ಕೆ ಕೊಳವೆ ಇರುತ್ತಾ?" ಅಂತ ಲಾಯ್ಡನನ್ನು ಕೇಳಿದೆ.

"ಬಾಗಿಲಲ್ಲೇ ತೂತಿರುತ್ತೆ ಅತ್ತಿಗೆ. ಉಸಿರಿಗೇನೂ ತೊಂದರೆ ಇಲ್ಲ."

ಶನಿವಾರ ಮಣ್ಣು ತರಿಸುತ್ತಾನಂತೆ. ತರಿಸಲಿ. ಅದಕ್ಕೂ ಮೊದಲು ನಾನೊಮ್ಮೆ ಮೇಲೆ ನಿಂತು, ಆ ಕೊಳವೆಗೆ ಬಾಯಿಟ್ಟು, ಡೆಲ್ಬರ್ಟ್, ಅಂತ ಕೂಗಬೇಕು.